56 ಲಕ್ಷ ಸುಳಿವು, 1,823 ಕೇಸು: ಆನ್‌ಲೈನ್‌ನಲ್ಲಿ ಮಕ್ಕಳ ರಕ್ಷಣೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಭಾರತದವು, ಎರಡೂ 2022ರವು.

ಮೊದಲನೆಯದು 56 ಲಕ್ಷ 75 ಸಾವಿರ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಫೋಟೊ, ವಿಡಿಯೊಗಳ ಬಗ್ಗೆ, ಅದರಲ್ಲೂ ಭಾರತದ ಕಡೆ ಬೆರಳು ತೋರಿಸುವಂತೆ, ಅಮೆರಿಕದ ಒಂದು ಸಂಸ್ಥೆಗೆ ಆ ವರ್ಷ ಬಂದ ಸುಳಿವುಗಳು ಇಷ್ಟು. ಎರಡನೆಯದು 1,823. ಅದೇ ವರ್ಷ ಮಕ್ಕಳ ವಿರುದ್ಧದ ಸೈಬರ್ ಅಪರಾಧ ಅಂತ ಇಡೀ ದೇಶದ ಠಾಣೆಗಳಲ್ಲಿ ದಾಖಲಾದ ಕೇಸುಗಳು. ಈ ಲೆಕ್ಕ ಕೊಟ್ಟಿದ್ದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ.

ಹತ್ತಿರಹತ್ತಿರ ಮೂರು ಸಾವಿರ ಸುಳಿವಿಗೆ ಒಂದು ಕೇಸು. ಪೊಲೀಸರು ನಿದ್ದೆ ಮಾಡ್ತಿದ್ದಾರೆ ಅನಿಸುತ್ತದೆ, ಅಲ್ವಾ? ಅಷ್ಟು ಸರಳವಾಗಿಲ್ಲ. ಈ ಎರಡು ಸಂಖ್ಯೆಗಳ ನಡುವೆ ಒಂದು ಉದ್ದನೆಯ ದಾರಿ ಇದೆ. ಅದು ಅಮೆರಿಕದಲ್ಲಿ ಶುರುವಾಗಿ, ದೆಹಲಿ ದಾಟಿ, ನಮ್ಮ ಜಿಲ್ಲೆಯ ಸೈಬರ್ ಠಾಣೆಯ ಒಂದು ಮೇಜಿಗೆ ಬಂದು ಮುಟ್ಟುತ್ತದೆ. ಸರ್ಕಾರ ಮಕ್ಕಳಿಗಾಗಿ ಏನು ಮಾಡಿದೆ, ಏನು ಮಾಡಿಲ್ಲ ಅನ್ನೋದು ತಿಳಿಯಬೇಕಾದರೆ ಕಾನೂನಿನ ಪುಸ್ತಕ ತೆರೆಯುವ ಮೊದಲು ಈ ದಾರಿಯಲ್ಲಿ ಒಮ್ಮೆ ನಡೆದು ಬರಬೇಕು.

ಸುಳಿವು ಹುಟ್ಟುವುದು ಹೇಗೆ

ಅಮೆರಿಕದಲ್ಲಿ ಒಂದು ಕಾನೂನಿದೆ. ಫೇಸ್‌ಬುಕ್, ಗೂಗಲ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳಿಗೆ ತಮ್ಮಲ್ಲಿ ಇಂಥ ಚಿತ್ರ ಕಂಡರೆ ಅದನ್ನು ವರದಿ ಮಾಡಲೇಬೇಕು. ವರದಿ ಹೋಗುವುದು ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಲ್ಲಿನ ರಾಷ್ಟ್ರೀಯ ಕೇಂದ್ರಕ್ಕೆ. ಅದನ್ನು ಎಲ್ಲರೂ 'ನೆಕ್‌ಮೆಕ್' ಅಂತಲೇ ಕರೆಯುತ್ತಾರೆ. 1998ರಿಂದ ಅಲ್ಲಿ ಇಂಥ ಸುಳಿವುಗಳನ್ನು ಪಡೆಯುವ ಸೈಬರ್ ಟಿಪ್‌ಲೈನ್ ನಡೆಯುತ್ತಿದೆ.

ಕಂಪನಿಗಳಿಗೆ ಚಿತ್ರ ಕಾಣುವುದಾದರೂ ಹೇಗೆ? ಯಾರೋ ಕೂತು ಕೋಟ್ಯಂತರ ಫೋಟೊ ನೋಡುವುದಿಲ್ಲ. 2009ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಹಾನಿ ಫರೀದ್ ಎಂಬ ಪ್ರೊಫೆಸರ್ ಜೊತೆ ಸೇರಿ 'ಫೋಟೊ ಡಿಎನ್‌ಎ' ಅನ್ನೋ ತಂತ್ರ ತಯಾರಿಸಿತು. ಅದು ಪ್ರತಿ ಚಿತ್ರಕ್ಕೂ ಬೆರಳಚ್ಚಿನಂಥ ಒಂದು ಗುರುತು ತೆಗೆಯುತ್ತದೆ. ಬರೀ ಅಂಕಿಗಳ ಸಾಲು. ಆ ಅಂಕಿಗಳಿಂದ ಚಿತ್ರವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಆದರೆ ಅದೇ ಚಿತ್ರ ಮತ್ತೆಲ್ಲಾದರೂ ಬಂದರೆ, ಸ್ವಲ್ಪ ಕತ್ತರಿಸಿದ್ದರೂ, ಬಣ್ಣ ಬದಲಿಸಿದ್ದರೂ, ಗುರುತು ತಾಳೆಯಾಗುತ್ತದೆ. ಇದಕ್ಕೆ 'ಹ್ಯಾಶ್' ಅಂತ ಹೆಸರು. ಹಿಂದೆ ಸಿಕ್ಕ ದೌರ್ಜನ್ಯದ ಚಿತ್ರಗಳ ಹ್ಯಾಶ್‌ಗಳ ದೊಡ್ಡ ಪಟ್ಟಿಯೇ ಇದೆ. ಯಾರಾದರೂ ಅಪ್‌ಲೋಡ್ ಒತ್ತಿದಾಗ ಯಂತ್ರ ಈ ಪಟ್ಟಿ ನೋಡುತ್ತದೆ. ಸಿಕ್ಕರೆ ವರದಿ ಹೋಗುತ್ತದೆ.

ಯಾವ ದೇಶದತ್ತ ಬೆರಳು ತೋರಿಸುತ್ತವೆ ಅಂತ ವಿಂಗಡಿಸಿದಾಗ, 2022 ಮತ್ತು 2023ರಲ್ಲಿ ಅತಿ ಹೆಚ್ಚು ವರದಿಗಳು ಭಾರತದ ಪಾಲಿಗೆ ಬಂದವು. 2023ರಲ್ಲಿ ಸುಮಾರು 89 ಲಕ್ಷ.

ಇದನ್ನು ಓದಿ ಗಾಬರಿಯಾಗುವ ಮೊದಲು ಒಂದು ಮಾತು. 89 ಲಕ್ಷ ವರದಿ ಅಂದರೆ 89 ಲಕ್ಷ ಅಪರಾಧಿಗಳಲ್ಲ. ಅಷ್ಟು ಮಕ್ಕಳೂ ಅಲ್ಲ. ಫೇಸ್‌ಬುಕ್ 2020ರಲ್ಲಿ ತನ್ನ ವರದಿಗಳನ್ನೇ ಕೆದಕಿ ನೋಡಿತ್ತು. ಆ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ ಕಳಿಸಿದ ವರದಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹಳೆಯ ಚಿತ್ರಗಳೇ, ಇಲ್ಲವೇ ಅವುಗಳಂತೆಯೇ ಇದ್ದವು. ಬರೀ ಆರು ವಿಡಿಯೊಗಳು ಅರ್ಧಕ್ಕಿಂತ ಜಾಸ್ತಿ ವರದಿಗಳನ್ನು ಹುಟ್ಟಿಸಿದ್ದವು! ಇಂಥದ್ದನ್ನು ಹಂಚಿದ 150 ಖಾತೆಗಳನ್ನು ಪರೀಕ್ಷಿಸಿದಾಗ ಮುಕ್ಕಾಲು ಪಾಲು ಜನಕ್ಕೆ ಮಕ್ಕಳಿಗೆ ಕೇಡು ಮಾಡುವ ಉದ್ದೇಶ ಕಾಣಲಿಲ್ಲವಂತೆ. ಸಿಟ್ಟಿಗೆ ಹಂಚಿದವರು, ಅಸಹ್ಯದ ತಮಾಷೆಗೆ ಹಂಚಿದವರು.

ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದು ಗೊತ್ತಿರುವ ಕಥೆಯೇ. 'ಈ ನೀಚನನ್ನು ಹಿಡಿಯುವವರೆಗೂ ಶೇರ್ ಮಾಡಿ' ಅಂತ ವಿಡಿಯೊ ಬರುತ್ತದೆ. ಕಳಿಸಿದವರು ಒಳ್ಳೆಯವರೇ. ಆದರೆ ಹಂಚಿದ್ದು ಆ ಮಗುವಿನ ಮೇಲಾದ ದೌರ್ಜನ್ಯವನ್ನೇ. ಕಾನೂನಿನ ಕಣ್ಣಿಗೆ ಅದು ಅಪರಾಧ. ಪೊಲೀಸರಿಗೆ ತಿಳಿಸಲು ಅಥವಾ ಸಾಕ್ಷಿಯಾಗಿ ಕೊಡಲು ಮಾತ್ರ ವಿನಾಯಿತಿ ಇದೆ. ನೂರು ಜನರ ಗುಂಪಿಗೆ ಕಳಿಸುವುದು ಸಾಕ್ಷಿ ಕೊಡುವುದಲ್ಲ.

ದೆಹಲಿಯಿಂದ ಠಾಣೆಗೆ

2019ರ ಏಪ್ರಿಲ್‌ನಲ್ಲಿ ಎನ್‌ಸಿಆರ್‌ಬಿ ಮತ್ತು ನೆಕ್‌ಮೆಕ್ ಒಪ್ಪಂದ ಮಾಡಿಕೊಂಡವು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕೇಂದ್ರ ಸರ್ಕಾರ ಮಾಡಿದ ಅತಿ ಮುಖ್ಯ ಕೆಲಸ ಇದೇ. ಭಾಷಣ ಇಲ್ಲ, ಜಾಹೀರಾತು ಇಲ್ಲ, ಒಂದು ಸಹಿ ಅಷ್ಟೇ. ಆ ಸಹಿಯಿಂದ ಭಾರತಕ್ಕೆ ಸೇರಿದ ಸುಳಿವುಗಳು ದೆಹಲಿಗೆ ಬರತೊಡಗಿದವು. ಅಲ್ಲಿಂದ ರಾಜ್ಯಗಳಿಗೆ, ರಾಜ್ಯಗಳಿಂದ ಜಿಲ್ಲೆಗೆ.

ಕರ್ನಾಟಕಕ್ಕೆ ಈ ಕೆಲಸ ಪೂರ್ತಿ ಹೊಸದಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾಗಿದ್ದೇ ಬೆಂಗಳೂರಿನಲ್ಲಿ, 2001ರಲ್ಲಿ. ಆಮೇಲೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಮೂರನ್ನೂ ನೋಡುವ ಸಿಇಎನ್ ಠಾಣೆಗಳು ಬಂದವು. ಜನ 'ಸೆನ್ ಠಾಣೆ' ಅನ್ನೋದು ಇದಕ್ಕೇ. 2025ರಲ್ಲಿ ರಾಜ್ಯ ಸರ್ಕಾರ ಡಿಜಿಪಿ ದರ್ಜೆಯ ಅಧಿಕಾರಿಯ ಕೆಳಗೆ ಸೈಬರ್ ಕಮಾಂಡ್ ಎಂಬ ವಿಭಾಗವನ್ನೇ ಮಾಡಿತು. ಸಿಇಎನ್ ಅನ್ನೋ ಹೆಸರಿನಲ್ಲೇ ಗೊತ್ತಾಗುತ್ತದೆ ನೋಡಿ: ಒಂದೇ ಸೆನ್ ಠಾಣೆಯ ಮೇಲೆ ಒಟಿಪಿ ಮೋಸ, ಹೂಡಿಕೆ ಹೆಸರಿನ ವಂಚನೆ, ಗಾಂಜಾ ಕೇಸು ಎಲ್ಲ ಬೀಳುತ್ತವೆ. ಅದರ ನಡುವೆ ಮಕ್ಕಳ ವಿಷಯದ ಸುಳಿವೂ ಒಂದು.

ಆ ಸುಳಿವಿನಲ್ಲಿ ಏನಿರುತ್ತದೆ? ಮೇಜಿನ ಮೇಲೆ ಒಂದು ವರದಿ ಇದೆ ಅಂದುಕೊಳ್ಳಿ. ಖಾತೆಯ ಹೆಸರು, ಬಹುಶಃ ಒಂದು ಇಮೇಲ್ ಅಥವಾ ಮೊಬೈಲ್ ನಂಬರ್. ಅಪ್‌ಲೋಡ್ ಆದ ಹೊತ್ತು. ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ. ನೋಡಿದರೆ 'ಇನ್ನೇನು ಬೇಕು, ಹೋಗಿ ಹಿಡಿದರಾಯಿತು' ಅನಿಸುತ್ತದೆ.

ಮೊದಲು ಹೊತ್ತು ನೋಡಿ. ವರದಿಯಲ್ಲಿ 20:40 ಅಂತ ಇದೆ. ಅದು ಅಂತರರಾಷ್ಟ್ರೀಯ ಸಮಯ, ನಮ್ಮದಲ್ಲ. ಐದೂವರೆ ಗಂಟೆ ಕೂಡಿಸಬೇಕು. ಅಂದರೆ ಇಲ್ಲಿ ಮಾರನೇ ದಿನ ನಸುಕಿನ 2:10. ಕೂಡಿಸುವುದು ಮರೆತರೆ ದಿನವೇ ತಪ್ಪುತ್ತದೆ. ದಿನ ತಪ್ಪಿದರೆ ಆ ಐಪಿ ಬೇರೆ ಯಾರದೋ ಮನೆಯದ್ದಾಗಿರುತ್ತದೆ. ಯಾರದೋ ಮನೆ ಬಾಗಿಲಿಗೆ ಪೊಲೀಸರು ಹೋಗುವುದು ಸಣ್ಣ ತಪ್ಪಲ್ಲ. ಅದೂ ಇಂಥ ಆರೋಪ ಹೊತ್ತು.

ಇನ್ನು ಐಪಿ. ನಮ್ಮ ಮೊಬೈಲ್ ಕಂಪನಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಐಪಿ ಇರುವುದಿಲ್ಲ. ಒಂದೇ ಐಪಿಯ ಹಿಂದೆ ಒಂದೇ ಕ್ಷಣದಲ್ಲಿ ನೂರಾರು ಜನ ಇರಬಹುದು. ಒಂದು ವಠಾರದ ಹತ್ತು ಮನೆಗೆ ಒಂದೇ ಬಾಗಿಲ ನಂಬರ್ ಇದ್ದ ಹಾಗೆ. ಯಾವ ಮನೆ ಅಂತ ಹೇಳಲು 'ಪೋರ್ಟ್ ನಂಬರ್' ಬೇಕು, ಸೆಕೆಂಡಿನವರೆಗೆ ಸರಿಯಾದ ಸಮಯ ಬೇಕು. ವರದಿಯಲ್ಲಿ ಪೋರ್ಟ್ ನಂಬರ್ ಇಲ್ಲದಿದ್ದರೆ ದಾರಿ ಅಲ್ಲೇ ಮುಗಿಯಬಹುದು. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ನಿಜವಾಗಿದ್ದರೆ ಪುಣ್ಯ.

ಇದೆಲ್ಲ ದಾಟಿ ಆಳು ಸಿಕ್ಕ ಅಂತಿಟ್ಟುಕೊಳ್ಳಿ. ಫೋನ್ ವಶಪಡಿಸಿಕೊಂಡು ಫೊರೆನ್ಸಿಕ್ ಲ್ಯಾಬ್‌ಗೆ ಕಳಿಸಬೇಕು. ವರದಿ ಬರುವವರೆಗೆ ಕಾಯಬೇಕು. 56 ಲಕ್ಷ ಎಲ್ಲಿ ಕರಗಿತು ಅನ್ನೋದಕ್ಕೆ ಇಷ್ಟು ಹೊತ್ತಿಗೆ ಒಂದು ಅಂದಾಜು ಸಿಕ್ಕಿರಬೇಕು. ಒಂದಷ್ಟು ಪುನರಾವರ್ತನೆ, ಒಂದಷ್ಟು ಗುರುತು ಸಿಗದೆ ಬಿಟ್ಟದ್ದು, ಉಳಿದದ್ದು ಕೆಲಸ ಹೆಚ್ಚಾಗಿ ಕೈ ಕಡಿಮೆಯಾದದ್ದು. ಮೂರನೆಯದಕ್ಕೆ ಮಾತ್ರ ಸರ್ಕಾರ ಬೇರೆ ಯಾರನ್ನೂ ದೂರುವಂತಿಲ್ಲ.

ಅಂಬತ್ತೂರಿನ ಫೋನು, ದೆಹಲಿಯ ತೀರ್ಪು

ಒಂದು ಸುಳಿವು ದಾರಿಯ ಕೊನೆವರೆಗೂ ಹೋದದ್ದನ್ನು ನೋಡೋಣ. 2020ರ ಜನವರಿ. ಎನ್‌ಸಿಆರ್‌ಬಿ ಮೂಲಕ ಬಂದ ಟಿಪ್‌ಲೈನ್ ವರದಿಯ ಮೇಲೆ ಚೆನ್ನೈನ ಅಂಬತ್ತೂರು ಮಹಿಳಾ ಠಾಣೆಯಲ್ಲಿ ಒಬ್ಬ ಯುವಕನ ವಿರುದ್ಧ ಕೇಸು ದಾಖಲಾಯಿತು. ಫೋನ್ ಪರೀಕ್ಷೆಯಲ್ಲಿ ಮಕ್ಕಳಿದ್ದ ಎರಡು ವಿಡಿಯೊ ಸಿಕ್ಕವು. ಅವನು ಯಾರಿಗೂ ಕಳಿಸಿರಲಿಲ್ಲ. ಇಟ್ಟುಕೊಂಡಿದ್ದ ಅಷ್ಟೇ.

2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಕೇಸನ್ನೇ ರದ್ದು ಮಾಡಿತು. ಹಂಚದೆ, ಒಬ್ಬನೇ ಇಟ್ಟುಕೊಂಡು ನೋಡುವುದು ಅಪರಾಧವಲ್ಲ ಅನ್ನೋದು ಅದರ ತರ್ಕ.

ಹೀಗೆ ಯೋಚಿಸಿದ್ದು ಅದೊಂದೇ ಕೋರ್ಟ್ ಅಲ್ಲ. ಅದೇ ವರ್ಷ ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ನ ಒಂದು ಪೀಠವೂ, ಇಂಥ ವಿಡಿಯೊ ನೋಡಿದ್ದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಮಿನಡಿ ಅಪರಾಧವಾಗದು ಎಂದು ಒಂದು ಕೇಸು ರದ್ದು ಮಾಡಿತ್ತು. ಕೆಲವೇ ದಿನದಲ್ಲಿ ಸರ್ಕಾರದ ವಕೀಲರು ಮತ್ತೆ ಹೋಗಿ, ಅದೇ ಕಲಮಿನ 'ಬಿ' ಉಪಕಲಮಿನಲ್ಲಿ ಹುಡುಕುವುದು, ನೋಡುವುದು, ಡೌನ್‌ಲೋಡ್ ಮಾಡುವುದು ಎಲ್ಲ ಇದೆಯಲ್ಲ ಎಂದು ತೋರಿಸಿದರು. ನ್ಯಾಯಮೂರ್ತಿಗಳು ತಮ್ಮ ಆದೇಶವನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಕಾನೂನಿನ ಒಂದು ಸಾಲು ಓದುವಾಗ ಹೈಕೋರ್ಟಿನಲ್ಲೇ ಕಣ್ತಪ್ಪುತ್ತದೆ ಅಂದರೆ, ಠಾಣೆಯ ರೈಟರ್‌ಗೆ ಎಷ್ಟು ಕಷ್ಟ ಆಗಬಹುದು ಯೋಚಿಸಿ. ತಪ್ಪನ್ನು ತಾವೇ ತಿದ್ದಿಕೊಂಡದ್ದು ಮಾತ್ರ ದೊಡ್ಡ ಮಾತು.

2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠ. ತೀರ್ಪು ಬರೆದವರು ಪಾರ್ದೀವಾಲಾ. ಅಂಬತ್ತೂರಿನ ಕೇಸು ಮತ್ತೆ ಜೀವ ಪಡೆದು ತಿರುವಳ್ಳೂರಿನ ಕೋರ್ಟಿಗೆ ವಿಚಾರಣೆಗೆ ಹೋಯಿತು. ಅಷ್ಟು ಹೊತ್ತಿಗೆ ಎಫ್‌ಐಆರ್‌ಗೆ ನಾಲ್ಕೂವರೆ ವರ್ಷ ದಾಟಿತ್ತು.

ತೀರ್ಪಿನ ಸಾರ ಇದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 15ನೇ ಕಲಮು ಮೂರು ಮೆಟ್ಟಿಲಿನದ್ದು. ಇಟ್ಟುಕೊಂಡು, ಅಳಿಸದೆ, ಪೊಲೀಸರಿಗೂ ಹೇಳದೆ ಇರುವುದು ಮೊದಲನೆಯದು. ಹಂಚುವುದು ಅಥವಾ ಹಂಚಲು ಅಣಿಯಾಗುವುದು ಎರಡನೆಯದು. ಮಾರಾಟಕ್ಕೆ ಇಡುವುದು ಮೂರನೆಯದು. ಹಂಚುವ ಉದ್ದೇಶ ಇತ್ತೋ ಇಲ್ಲವೋ ಅನ್ನೋದನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಂಡ ನಡತೆಯಿಂದಲೇ ಊಹಿಸಬಹುದು. ಡೌನ್‌ಲೋಡ್ ಮಾಡದೆ ನೇರವಾಗಿ ಇಂಟರ್ನೆಟ್‌ನಲ್ಲೇ ನೋಡುತ್ತಾ ಕೂತರೂ ಅದು 'ವಶದಲ್ಲಿತ್ತು' ಎಂದಾಗಬಹುದು. ಗೊತ್ತಿಲ್ಲದೆ ಲಿಂಕ್ ಒತ್ತಿ, ನೋಡಿದ ಕೂಡಲೇ ಮುಚ್ಚಿದವನ ಕಥೆ ಬೇರೆ. ಆದರೆ ಮುಚ್ಚಿ ಸುಮ್ನೆ ಕೂರಬಾರದು, ದೂರು ಕೊಡಬೇಕು ಎಂದೂ ಕೋರ್ಟ್ ಹೇಳಿತು.

ಕಂಪನಿಗಳಿಗೂ ಏಟು ಬಿತ್ತು. ಅಮೆರಿಕದ ನೆಕ್‌ಮೆಕ್‌ಗೆ ವರದಿ ಕಳಿಸಿದೆವು, ನಮ್ಮ ಕೆಲಸ ಮುಗಿಯಿತು ಅನ್ನುವಂತಿಲ್ಲ. ಪೋಕ್ಸೊ ಪ್ರಕಾರ ಇಲ್ಲಿನ ಪೊಲೀಸರಿಗೂ ತಿಳಿಸಬೇಕು. ಇಲ್ಲದಿದ್ದರೆ 'ಬೇರೆಯವರು ಹಾಕಿದ್ದಕ್ಕೆ ನಾವು ಹೊಣೆಯಲ್ಲ' ಅನ್ನೋ ಕಾನೂನಿನ ರಕ್ಷಣೆ ಸಿಗದು.

ತೀರ್ಪಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಒಂದು ಪದದ ಜಗಳ. 'ಚೈಲ್ಡ್ ಪೋರ್ನೋಗ್ರಫಿ' ಅನ್ನೋ ಪದವನ್ನು ಕೋರ್ಟುಗಳು ಇನ್ನು ಬಳಸಬಾರದು, ಸಂಸತ್ತು ಕಾನೂನಿನಲ್ಲೂ ಬದಲಿಸಲಿ ಎಂದು ಪೀಠ ಹೇಳಿತು. ಪೋರ್ನೋಗ್ರಫಿ ಅಂದಾಗ ಒಪ್ಪಿ ಮಾಡಿದ್ದು ಎಂಬ ವಾಸನೆ ಬರುತ್ತದೆ. ಮಗುವಿನ ವಿಷಯದಲ್ಲಿ ಒಪ್ಪಿಗೆಯ ಮಾತೇ ಇಲ್ಲ. ಕನ್ನಡ ಪತ್ರಿಕೆಗಳಲ್ಲಿ 'ಮಕ್ಕಳ ಅಶ್ಲೀಲ ಚಿತ್ರ' ಅಂತ ಬರೆಯುತ್ತೇವೆ. ಅದು ಇನ್ನೂ ಕೆಟ್ಟದು. ಅಶ್ಲೀಲ ಯಾವುದು? ಮಗುವೇ? ಅದು ನಡೆದ ದೌರ್ಜನ್ಯದ ದಾಖಲೆ. ಹಾಗೇ ಬರೆದರೆ ಏನು ಕಷ್ಟ?

ಪಟ್ಟಿಯಲ್ಲಿ ಇಲ್ಲದ ಚಿತ್ರ

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಳೆಯ, ಗುರುತು ಸಿಕ್ಕ ಚಿತ್ರಗಳ ಮಾತು. ನಿನ್ನೆ ರಾತ್ರಿ ತೆಗೆದ ಫೋಟೊಗೆ ಯಾವ ಪಟ್ಟಿಯಲ್ಲೂ ಹ್ಯಾಶ್ ಇರುವುದಿಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಅಂತ ಊಹಿಸಿಕೊಳ್ಳಿ. ಆಟದ ಆ್ಯಪ್‌ನಲ್ಲಿ ಒಬ್ಬ ಪರಿಚಯ ಆಗುತ್ತಾನೆ. ತಾನೂ ಹತ್ತನೇ ಕ್ಲಾಸು ಅನ್ನುತ್ತಾನೆ. ಎರಡು ವಾರ ಬರೀ ಹರಟೆ. ಮನೆಯಲ್ಲಿ ಬೈದದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. 'ಇಲ್ಲಿ ಬೇಡ, ವಾಟ್ಸ್ಆ್ಯಪ್‌ಗೆ ಬಾ' ಅನ್ನುತ್ತಾನೆ. ಒಂದು ಫೋಟೊ ಕೇಳುತ್ತಾನೆ. ಆಮೇಲೆ ಇನ್ನೊಂದು ಥರದ ಫೋಟೊ. ಅದು ಕೈಗೆ ಸಿಕ್ಕ ಮರುಕ್ಷಣ ದನಿ ಬದಲಾಗುತ್ತದೆ: 'ಇನ್ನೂ ಕಳಿಸು, ಇಲ್ಲಾಂದ್ರೆ ನಿಮ್ಮಪ್ಪನಿಗೆ ಹೋಗುತ್ತೆ.' ಹುಡುಗನಾಗಿದ್ದರೆ ಸಾಮಾನ್ಯವಾಗಿ ಕೇಳುವುದು ದುಡ್ಡು.

ಇಲ್ಲಿ ಯಂತ್ರ ಕುರುಡು. ವಾಟ್ಸ್ಆ್ಯಪ್‌ನ ಸಂದೇಶ ಇಬ್ಬರ ಫೋನಿನಲ್ಲಿ ಬಿಟ್ಟು ನಡುವೆ ಯಾರಿಗೂ ಕಾಣದಂತೆ ಬೀಗ ಹಾಕಿಕೊಂಡು ಹೋಗುತ್ತದೆ. ಕಂಪನಿಗೂ ಕಾಣುವುದಿಲ್ಲ. ಈ ಬೀಗವನ್ನು ಏನು ಮಾಡಬೇಕು ಅನ್ನೋದರ ಮೇಲೆ ಸರ್ಕಾರಗಳ ಹೋರಾಟ ನಡೆದೇ ಇದೆ. 2020ರ ಜನವರಿಯಲ್ಲಿ ಜೈರಾಮ್ ರಮೇಶ್ ನೇತೃತ್ವದ ರಾಜ್ಯಸಭೆಯ ಸಮಿತಿ 40 ಶಿಫಾರಸುಗಳನ್ನು ಕೊಟ್ಟಿತು. ಸಂದೇಶ ಮೊದಲು ಕಳಿಸಿದವನು ಯಾರೆಂದು ಪತ್ತೆಹಚ್ಚುವ ವ್ಯವಸ್ಥೆ ಬೇಕು ಅನ್ನೋದು ಅದರಲ್ಲಿ ಒಂದು. 2021ರ ಐಟಿ ನಿಯಮಗಳಲ್ಲಿ ಅದು ಸೇರಿತು. ಕಂಪನಿ ಕೋರ್ಟಿಗೆ ಹೋಯಿತು. ಬೀಗ ಒಡೆದರೆ ಎಲ್ಲರದ್ದೂ ಒಡೆಯುತ್ತದೆ ಅನ್ನೋ ಅವರ ಮಾತಿನಲ್ಲಿ ಹುರುಳಿದೆ. ಬೀಗದ ಹಿಂದೆ ಮಗು ಒಂಟಿ ಅನ್ನೋ ಸರ್ಕಾರದ ಮಾತಿನಲ್ಲೂ ಇದೆ. ನನಗೆ ಇದರಲ್ಲಿ ಪಕ್ಷ ಹಿಡಿಯಲು ಇನ್ನೂ ಆಗಿಲ್ಲ.

ಕಾನೂನಿನಲ್ಲಿ ಮಾತ್ರ ಆ ಹುಡುಗಿಗೆ ಜಾಗ ಇದೆ. ಮಗುವನ್ನು ಆನ್‌ಲೈನ್‌ನಲ್ಲಿ ಪದೇಪದೇ ಹಿಂಬಾಲಿಸುವುದು, ನಿಜವಾದ ಅಥವಾ ಸೃಷ್ಟಿಸಿದ ಚಿತ್ರ ಹಿಡಿದು ಬೆದರಿಸುವುದು ಪೋಕ್ಸೊ 11ನೇ ಕಲಮಿನಲ್ಲೇ ಇವೆ. ಶಿಕ್ಷೆ 3 ವರ್ಷದವರೆಗೆ. ಇಂಥ ಚಿತ್ರಕ್ಕಾಗಿ ಮಗುವನ್ನು ಬಳಸಿಕೊಂಡರೆ 14ನೇ ಕಲಮಿನ ಪ್ರಕಾರ ಕಡಿಮೆ ಅಂದರೂ 5 ವರ್ಷ. ಐಟಿ ಕಾಯ್ದೆಯ 67ಬಿ ಪ್ರಕಾರ ಮಗುವನ್ನು ಇಂಥ ಸಂಬಂಧಕ್ಕೆ ಪುಸಲಾಯಿಸುವುದೂ ಅಪರಾಧ. 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ.

ಎಐ ಬಂದ ಮೇಲೆ ಜನ ಕೇಳುತ್ತಾರೆ, ಶಾಲೆಯ ಗ್ರೂಪ್ ಫೋಟೊ ತೆಗೆದು ಬೆತ್ತಲೆ ಮಾಡಿದರೆ ಕಾನೂನು ಇದೆಯೇ ಅಂತ. ಇದೆ. 2019ರ ಪೋಕ್ಸೊ ತಿದ್ದುಪಡಿಯಲ್ಲೇ ಕಂಪ್ಯೂಟರ್ ಸೃಷ್ಟಿಸಿದ, ನಿಜವಾದ ಮಗುವಿನಂತೆಯೇ ಕಾಣುವ ಚಿತ್ರಗಳನ್ನೂ ಸೇರಿಸಿದ್ದರು. ಚಾಟ್‌ಜಿಪಿಟಿ ಬರುವುದಕ್ಕೆ ಮೂರು ವರ್ಷ ಮೊದಲು. ನಮ್ಮ ಸಂಸತ್ತು ತಂತ್ರಜ್ಞಾನಕ್ಕಿಂತ ಮುಂದಿದ್ದ ಅಪರೂಪದ ಸಂದರ್ಭ ಇದು, ಹೇಳದೆ ಬಿಡಬಾರದು.

ದೂರು ಕೊಡುವ ಜಾಗ

ಕೊರತೆ ಇರುವುದು ಮೊದಲ ಹೆಜ್ಜೆಯಲ್ಲಿ. ಮಗು ಬಾಯಿ ಬಿಡಬೇಕು, ಕೇಳಿದವರಿಗೆ ಎಲ್ಲಿ ಹೋಗಬೇಕೆಂದು ಗೊತ್ತಿರಬೇಕು.

ಸರ್ಕಾರದ ದೂರಿನ ಪೋರ್ಟಲ್ ಹುಟ್ಟಿದ್ದು ಒಂದು ಕಾಗದದಿಂದ. 2015ರ ಫೆಬ್ರವರಿಯಲ್ಲಿ ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಸುನೀತಾ ಕೃಷ್ಣನ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಜೊತೆಗೆ ಒಂದು ಪೆನ್‌ಡ್ರೈವ್. ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದ್ದ ಅತ್ಯಾಚಾರದ ವಿಡಿಯೊಗಳು ಅದರಲ್ಲಿದ್ದವು. ಕೋರ್ಟ್ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡಿತು. ಹೆಸರು ಹೇಳದೆಯೂ ದೂರು ಕೊಡುವಂಥ ಜಾಗ ಬೇಕು ಅನ್ನೋದು ಆ ವಿಚಾರಣೆಯಲ್ಲಿ ಗಟ್ಟಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಪೋರ್ಟಲ್ ಶುರುವಾಯಿತು. ಮೊದಲು ಮಕ್ಕಳ ಮೇಲಿನ ದೌರ್ಜನ್ಯ ಮತ್ತು ಅತ್ಯಾಚಾರದ ವಿಡಿಯೊಗಳಿಗೆ ಮಾತ್ರ. 2019ರ ಆಗಸ್ಟ್‌ನಲ್ಲಿ ಎಲ್ಲ ಸೈಬರ್ ಅಪರಾಧಗಳಿಗೂ ತೆರೆಯಿತು. ಈಗ ಜನ ಅದನ್ನು ದುಡ್ಡು ಕಳೆದುಕೊಂಡವರ ಪೋರ್ಟಲ್ ಅಂದುಕೊಂಡಿದ್ದಾರೆ. ಹುಟ್ಟಿದ್ದು ಇದಕ್ಕಾಗಿ ಅನ್ನೋದು ಮರೆತೇಹೋಗಿದೆ.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತೆರೆದರೆ ಮಹಿಳೆ ಮತ್ತು ಮಕ್ಕಳ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ. ಒಳಗೆ ಎರಡು ದಾರಿ. ಒಂದರಲ್ಲಿ ಹೆಸರು, ಮೊಬೈಲ್ ಏನೂ ಕೊಡಬೇಕಾಗಿಲ್ಲ. ಆದರೆ ದೂರು ಮುಂದೆ ಏನಾಯಿತು ಅಂತ ನೋಡಲು ಆಗದು. ಇನ್ನೊಂದರಲ್ಲಿ ಒಟಿಪಿ ಕೊಟ್ಟು ಒಳಗೆ ಹೋಗಬೇಕು, ದೂರಿನ ಸಂಖ್ಯೆ ಸಿಗುತ್ತದೆ. ಎಲ್ಲೋ ಕಂಡ ಲಿಂಕ್ ಬಗ್ಗೆ ಹೇಳಲು ಮೊದಲನೆಯದು ಸಾಕು. ನಮ್ಮದೇ ಮಗುವಿನ ವಿಷಯ ಆದರೆ ಎರಡನೆಯದೇ ಬೇಕು, ಇಲ್ಲವೇ ನೇರ ಠಾಣೆ. ಗಡಿ ನಮ್ಮದಲ್ಲ ಅಂತ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಎಲ್ಲೇ ನಡೆದಿರಲಿ, ಕೇಸು ದಾಖಲಿಸಿ ಆಮೇಲೆ ವರ್ಗಾಯಿಸಬೇಕು.

ಫೋನ್ ನಂಬರುಗಳಲ್ಲಿ ಗೊಂದಲ ಇದೆ. 1930 ಹೆಚ್ಚಾಗಿ ದುಡ್ಡಿನ ವಂಚನೆಗೆ. ಬ್ಲ್ಯಾಕ್‌ಮೇಲ್‌ನಲ್ಲಿ ಹಣ ಹೋಗಿದ್ದರೆ ಬೇಗ ಮಾಡಬೇಕು. ಮಗುವಿಗೆ ಸಹಾಯ ಬೇಕಿದ್ದರೆ 1098, ಹಗಲೂ ರಾತ್ರಿ, ಉಚಿತ. ಮಗುವೇ ಮಾಡಬಹುದು.

ಈ ಹೊತ್ತಿನಲ್ಲಿ ಮನೆಯವರು ಮಾಡುವ ಮೊದಲ ತಪ್ಪು, ಸಿಟ್ಟಿನಲ್ಲಿ ಎಲ್ಲ ಅಳಿಸಿ ಹಾಕುವುದು. ಚಾಟ್ ಅಳಿಸಬೇಡಿ. ಬೆದರಿಸಿದವನ ಪ್ರೊಫೈಲ್‌ನ ಲಿಂಕ್, ಐಡಿ, ನಂಬರ್, ಬೆದರಿಕೆಯ ಸಂದೇಶ, ದಿನ, ಹೊತ್ತು ಬರೆದಿಡಿ. ಹೆಸರನ್ನು ಅವನು ಯಾವಾಗ ಬೇಕಾದರೂ ಬದಲಿಸಬಹುದು, ಅದಕ್ಕೇ ಲಿಂಕ್ ಮುಖ್ಯ. ಮಗುವಿನ ಫೋಟೊವನ್ನು ಮಾತ್ರ ಚಿಕ್ಕಪ್ಪನಿಗೆ, ಪರಿಚಯದ ಪೊಲೀಸರಿಗೆ ಅಂತ ವಾಟ್ಸ್ಆ್ಯಪ್ ಮಾಡಬೇಡಿ. ಫೋನನ್ನೇ ತೋರಿಸಿ. ದುಡ್ಡು ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾನೆ.

ಎರಡನೇ ತಪ್ಪು ಇನ್ನೂ ದೊಡ್ಡದು. 'ಅಮ್ಮ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ' ಅಂದಾಗ ಬೈದು, ಫೋನ್ ಕಿತ್ತುಕೊಂಡು ಬೀರುವಿನಲ್ಲಿಡುವುದು. ಅವಳು ಕೊನೆಯ ಸಲ ಹೇಳಿದ್ದು ಅದೇ ಆಗುತ್ತದೆ.

ಶಾಲೆಗೂ ಒಂದು ಮಾತು. ಇಂಥದ್ದು ನಡೆದಿದೆ ಅಂತ ಗೊತ್ತಾದ ಮೇಲೆ 'ಒಳಗೇ ಮುಗಿಸೋಣ' ಅನ್ನುವ ಆಯ್ಕೆ ಕಾನೂನಿನಲ್ಲಿಲ್ಲ. ಗೊತ್ತಿದ್ದೂ ಹೇಳದವರಿಗೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಹೇಳದೆ ಇದ್ದದ್ದಕ್ಕೆ ಮಗುವಿಗೆ ಮಾತ್ರ ಶಿಕ್ಷೆ ಇಲ್ಲ. ಈ ಕಡ್ಡಾಯದಿಂದ ಒಂದು ತೊಂದರೆಯೂ ಇದೆ. ದೂರು ಬೇಡ, ಬರೀ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನುವ ಹದಿನಾರರ ಹುಡುಗಿ ಆಪ್ತ ಸಮಾಲೋಚಕರ ಹತ್ತಿರವೂ ಹೋಗಲು ಹಿಂಜರಿಯುತ್ತಾಳೆ. ಕಾನೂನು ಇದಕ್ಕೆ ಇನ್ನೂ ಉತ್ತರ ಹುಡುಕಿಲ್ಲ.

ಠಾಣೆ ಮನೆಗೆ ಬರಬೇಕು

ದೂರು ಕೊಡಲು ಹೆದರಿಕೆ ಯಾಕೆ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: 'ಮಗಳನ್ನು ಸ್ಟೇಷನ್‌ಗೆ ಕರ್ಕೊಂಡು ಹೋಗೋದು ಹೇಗೆ?' ಕರೆದುಕೊಂಡು ಹೋಗಬೇಕಾಗಿಲ್ಲ. ಪೋಕ್ಸೊ 24ನೇ ಕಲಮು ಓದಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್‌ಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಖಾಕಿ ಹಾಕಿರಬಾರದು. ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬೇಕು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಹೋಗಬೇಕು. ಮಗುವಿನ ಹೆಸರು, ಶಾಲೆ, ಬೀದಿ ಯಾವುದೂ ಪತ್ರಿಕೆಯಲ್ಲಿ ಬರುವಂತಿಲ್ಲ. ಕೋರ್ಟ್ ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಆದಷ್ಟೂ ಒಂದು ವರ್ಷದೊಳಗೆ ತೀರ್ಪು.

'ಆದಷ್ಟೂ' ಅನ್ನೋ ಪದದಲ್ಲಿ ಎಷ್ಟು ವರ್ಷ ಅಡಗಿರುತ್ತವೆ ಅನ್ನೋದು ಕೋರ್ಟ್ ಮೆಟ್ಟಿಲು ಹತ್ತಿದವರಿಗೆ ಗೊತ್ತು. ಆದರೂ ಈ ಸಾಲುಗಳನ್ನು ತಿಳಿದುಕೊಂಡು ಹೋದವರ ಜೊತೆ ಠಾಣೆ ಮಾತಾಡುವ ರೀತಿಯೇ ಬೇರೆ.

ಮೇಲಿನ ಹಂತದಲ್ಲಿ ಸಿಬಿಐ ಇದೆ. 2019ರಲ್ಲಿ ಅದು ಮಕ್ಕಳ ಆನ್‌ಲೈನ್ ಶೋಷಣೆಗೆಂದೇ ಒಂದು ಘಟಕ ಮಾಡಿತು. 2021ರ ನವೆಂಬರ್‌ನ 'ಆಪರೇಷನ್ ಕಾರ್ಬನ್'ನಲ್ಲಿ 14 ರಾಜ್ಯಗಳ 77 ಜಾಗಗಳಲ್ಲಿ ಶೋಧ ನಡೆಯಿತು. 2022ರ ಸೆಪ್ಟೆಂಬರ್‌ನ 'ಮೇಘಚಕ್ರ'ಕ್ಕೆ ಸುಳಿವು ಬಂದಿದ್ದು ನ್ಯೂಜಿಲೆಂಡ್ ಪೊಲೀಸರಿಂದ, ಸಿಂಗಪುರದ ಇಂಟರ್‌ಪೋಲ್ ಮೂಲಕ. ಕ್ಲೌಡ್‌ನಲ್ಲಿ ಬಚ್ಚಿಟ್ಟಿದ್ದರಿಂದ ಮೇಘ ಎಂಬ ಹೆಸರು. ಹೆಸರಿಡುವುದರಲ್ಲಿ ನಮ್ಮವರು ಯಾವತ್ತೂ ಹಿಂದೆ ಬಿದ್ದಿಲ್ಲ.

ಇನ್ನು ಮಕ್ಕಳನ್ನು ಇಂಟರ್ನೆಟ್‌ನಿಂದಲೇ ದೂರ ಇಡುವ ಪ್ರಯತ್ನ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ ಎಂದಿತು. ನಮ್ಮಲ್ಲಿ 2023ರ ಡೇಟಾ ರಕ್ಷಣೆ ಕಾಯ್ದೆ ಬೇರೆ ದಾರಿ ಹಿಡಿದಿದೆ. 18ರ ಒಳಗಿನವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಕಂಪನಿಗಳಿಗೆ ಸಿದ್ಧವಾಗಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಮನೆಗೊಂದೇ ಫೋನು, ಅದರ ಲಾಕ್ ತೆಗೆಯುವುದು ಮಗನಿಗೆ ಮಾತ್ರ ಬರುತ್ತದೆ ಅನ್ನುವ ಊರುಗಳಲ್ಲಿ 'ಅಪ್ಪನ ಒಪ್ಪಿಗೆ'ಯ ಬಟನ್ ಯಾರು ಒತ್ತುತ್ತಾರೆ ಅಂತ ನಿಮಗೂ ಗೊತ್ತು.

ಆ ಒಂಬತ್ತನೇ ಕ್ಲಾಸಿನ ಹುಡುಗಿಯ ಫೋಟೊ ಏನಾಯಿತು ಅಂತ ಕೇಳಬಹುದು. 2021ರ ಐಟಿ ನಿಯಮಗಳು ಇಂಥ ಚಿತ್ರದ ಬಗ್ಗೆ ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕು ಎಂದು ಕಂಪನಿಗಳಿಗೆ ಗಡುವು ಹಾಕಿದವು. ಆದರೆ ಅದು ಹೊರಗೆ ಬಂದ ಮೇಲಿನ ಮಾತು. ಬರುವ ಮೊದಲೇ ಮಾಡಬಹುದಾದ ಒಂದು ಕೆಲಸ ಇದೆ. ನೆಕ್‌ಮೆಕ್ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ನಡೆಸುತ್ತದೆ. 18 ವರ್ಷದೊಳಗಿದ್ದಾಗ ತೆಗೆದ ಫೋಟೊ ಆಗಿದ್ದರೆ, ಹೆಸರೂ ಹೇಳದೆ, ಫೋಟೊ ಇರುವ ಫೋನಿನಲ್ಲೇ ಅದನ್ನು ಆರಿಸಬೇಕು. ಫೋಟೊ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅಲ್ಲೇ ಅದರ ಹ್ಯಾಶ್ ತಯಾರಾಗಿ ಆ ಅಂಕಿಗಳು ಮಾತ್ರ ಹೋಗುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳು ಆ ಪಟ್ಟಿ ನೋಡುತ್ತವೆ. ವಾಟ್ಸ್ಆ್ಯಪ್‌ನ ಬೀಗದೊಳಗೆ ಅದು ಕೆಲಸ ಮಾಡದು. ಆದರೆ ಅವನು ಇನ್‌ಸ್ಟಾಗ್ರಾಮ್‌ಗೆ ಹಾಕಲು ಹೋದ ಅಂತಿಟ್ಟುಕೊಳ್ಳಿ, ಈ ವರ್ಷವೋ, ಅವಳು ಪಿಯುಸಿ ಮುಗಿಸಿದ ಮೇಲೋ, ಅವಳಿಗೆ ಮಕ್ಕಳಾದ ಮೇಲೋ. ಅಪ್‌ಲೋಡ್ ಒತ್ತಿದಾಗ ಆ ಅಂಕಿಗಳು ತಾಳೆಯಾಗುತ್ತವೆ.